ಜಗುಲಿಯ ಕಟ್ಟು, ಗಣಕದ ಕಡತ



ಬೀದರ ನಗರದಲ್ಲಿ ಚೌಬಾರಾದಿಂದ ಕೋಟೆಯತ್ತ ಸಾಗುವ ದಾರಿಯಲ್ಲಿ ಮಹಮೂದ್ ಗವಾನನ ಮದರಸಾ ನಿಂತಿದೆ. 1472ರಲ್ಲಿ ಪೂರ್ಣಗೊಂಡ ಈ ವಿದ್ಯಾಲಯದ ಗ್ರಂಥಭಂಡಾರದಲ್ಲಿ 3,000 ಹಸ್ತಪ್ರತಿಗಳಿದ್ದುವೆಂದು ಇತಿಹಾಸಕಾರರು ಹೇಳುವರು. 1696ರಲ್ಲಿ ಸಂಭವಿಸಿದ ಸ್ಫೋಟದಿಂದ ಕಟ್ಟಡದ ಒಂದು ಪಾರ್ಶ್ವವೇ ಉರುಳಿತು. ಒಂದು ಮಿನಾರು ಹೋಯಿತು, ಇನ್ನೊಂದು ಉಳಿಯಿತು. ಉಳಿದ ಮಿನಾರಿನ ಮೇಲಣ ಬಣ್ಣದ ಹೆಂಚಿನ ತುಣುಕುಗಳು ಇಂದಿಗೂ ಬಿಸಿಲಿಗೆ ಹೊಳೆಯುತ್ತವೆ. ಆ ಗ್ರಂಥಗಳಲ್ಲಿ ಒಂದಾದರೂ ಅಲ್ಲಿಲ್ಲ. ಕಲ್ಲು ತಡೆದುಕೊಂಡಷ್ಟನ್ನು ಓಲೆಯೂ ಕಾಗದವೂ ತಡೆದುಕೊಳ್ಳಲಾರವು ಎಂಬುದನ್ನು ತಿಳಿಯಲು ಬೀದರದವರು ದೂರದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ.

ಈ ಮಾತನ್ನು ಮೊದಲಿಗೇ ನೆನೆಯಲು ಕಾರಣವಿದೆ. ಬೀದರ, ಭಾಲ್ಕಿ, ಔರಾದ ಸೀಮೆಯ ಮಠಗಳಲ್ಲಿಯೂ ಹಳೆಯ ಮನೆತನಗಳ ದೇವರ ಜಗುಲಿಗಳಲ್ಲಿಯೂ ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ಓಲೆಗರಿಯ ಕಟ್ಟುಗಳು, ಕೈಬರಹದ ಹಳೆಯ ಕಾಗದದ ಪುಸ್ತಕಗಳು ಇರುವುದುಂಟು. ಅವುಗಳಿಗೆ ವಿಭೂತಿ ಧರಿಸುತ್ತಾರೆ, ಪತ್ರೆ ಏರಿಸುತ್ತಾರೆ, ಕರ್ಪೂರ ಬೆಳಗುತ್ತಾರೆ. ಬಿಚ್ಚಿ ಓದುವವರು ಮಾತ್ರ ವಿರಳ. ಒಳಗೆ ಇರುವುದು ಶರಣರ ವಚನವೋ, ಯಾವುದಾದರೂ ಪುರಾಣವೋ, ವೈದ್ಯದ ಪಾಠವೋ, ಮನೆತನದ ಲೆಕ್ಕವೋ ಎಂಬುದು ಮನೆಯವರಿಗೇ ತಿಳಿಯದ ಸಂದರ್ಭಗಳೂ ಇವೆ. ಇತ್ತ ಕೈಯಲ್ಲಿರುವ ಮೊಬೈಲಿನಲ್ಲಿ ಯಾವ ಶರಣರ ಯಾವ ವಚನವನ್ನು ಬಯಸಿದರೂ ಕ್ಷಣಾರ್ಧದಲ್ಲಿ ತೆರೆದುಕೊಳ್ಳುತ್ತದೆ. ಒಂದೇ ಮನೆಯ ಜಗುಲಿಯಲ್ಲಿ ಮುಚ್ಚಿದ ವಚನ, ಪಡಸಾಲೆಯಲ್ಲಿ ತೆರೆದ ವಚನ. ಈ ಎರಡರ ನಡುವೆ ಸಂಬಂಧವೇ ಇಲ್ಲದಂತಾಗಿರುವುದು ಈ ಕಾಲದ ವಿಚಿತ್ರ.

ವಚನಗಳ ಇತಿಹಾಸವು ಒಂದರ್ಥದಲ್ಲಿ ಪ್ರತಿ ಮಾಡುವವರ ಇತಿಹಾಸ. ಕಲ್ಯಾಣದ ವಿಪ್ಲವದ ನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂಬುದು ಪರಂಪರೆಯ ನೆನಪು. ಮುಂದೆ 15ನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದಿಂದ ಮೊದಲ್ಗೊಂಡು ವಿರಕ್ತರು ಚದುರಿದ ವಚನಗಳನ್ನು ಕೂಡಿಸಿದರು, ವಿಂಗಡಿಸಿದರು. ಶೂನ್ಯಸಂಪಾದನೆ ಒಬ್ಬರ ಕೈಯಿಂದ ಮುಗಿಯಲಿಲ್ಲ, ನಾಲ್ವರು ಸಂಪಾದಕರ ಕೈಯಲ್ಲಿ ನಾಲ್ಕು ಪರಿಷ್ಕರಣಗಳನ್ನು ಪಡೆಯಿತು. ಓಲೆಗೆ ಆಯುಷ್ಯವಿದೆ. ಹಳತು ಮುರಿಯುವ ಮೊದಲೇ ಹೊಸ ಗರಿಯ ಮೇಲೆ ಕಂಟದಿಂದ ಕೊರೆದು, ಕಾಡಿಗೆ ಸವರಿ ಅಕ್ಷರವನ್ನು ಎತ್ತಿಹಿಡಿಯುವ ಲಿಪಿಕಾರನೊಬ್ಬ ಪ್ರತಿ ಎರಡು ಮೂರು ತಲೆಮಾರಿಗೊಮ್ಮೆ ಹುಟ್ಟಿ ಬಂದದ್ದರಿಂದ ವಚನಗಳು ಉಳಿದವು. ಅವರಲ್ಲಿ ಬಹುಪಾಲು ಜನರ ಹೆಸರೇ ತಿಳಿಯದು.

ಓಲೆಯಿಂದ ಮುದ್ರಣಕ್ಕೆ ದಾಟಿಸಿದವರ ಹೆಸರು ಮಾತ್ರ ಎಲ್ಲರಿಗೂ ತಿಳಿದಿದೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು, ಮಠ ಮನೆಗಳ ಬಾಗಿಲು ತಟ್ಟಿ ಕಟ್ಟುಗಳನ್ನು ಸಂಗ್ರಹಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಈ ಕಾಯಕಕ್ಕಾಗಿ ಸ್ವಂತ ಮನೆಯನ್ನೂ ಮಾರಿದರು. ಅದಕ್ಕೆ ಮುಂಚೆ ಸುಮಾರು 50 ವಚನಕಾರರ ಹೆಸರು ಮಾತ್ರ ತಿಳಿದಿತ್ತು, ಅವರ ಶೋಧದಿಂದ ಆ ಸಂಖ್ಯೆ 250ರ ಆಸುಪಾಸಿಗೆ ಏರಿತೆಂದು ವಿದ್ವಾಂಸರು ಹೇಳುವರು. ಆ ಬಳಿಕ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರವು 1993ರಲ್ಲಿ ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳನ್ನು ಪ್ರಕಟಿಸಿತು. 2013ರಲ್ಲಿ ಓಂಶಿವಪ್ರಕಾಶ್ ಮತ್ತು ಸಂಗಡಿಗರು, ಓ. ಎಲ್. ನಾಗಭೂಷಣ ಸ್ವಾಮಿಯವರ ಮಾರ್ಗದರ್ಶನದಲ್ಲಿ, ವಚನ ಸಂಚಯ ಎಂಬ ತಾಣವನ್ನು ಕಟ್ಟಿದರು. 20 ಸಾವಿರಕ್ಕೂ ಮಿಕ್ಕ ವಚನಗಳು ಅದರಲ್ಲಿ ಹುಡುಕಿ ಓದುವಂತಾದವು. ‘ದಾಸೋಹ’ ಎಂಬ ಒಂದು ಪದವನ್ನು ಯಾವ ಯಾವ ಶರಣರು ಎಷ್ಟೆಷ್ಟು ಸಲ ಬಳಸಿದ್ದಾರೆಂದು ತಿಳಿಯಲು ಹಿಂದೆ ಒಬ್ಬ ಸಂಶೋಧಕನ ವರ್ಷಗಳೇ ಬೇಕಾಗುತ್ತಿದ್ದವು.

ಈ ಸಾಧನೆಯನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ. ಔರಾದ ತಾಲೂಕಿನ ಗಡಿಯ ಹಳ್ಳಿಯೊಂದರಲ್ಲಿ ಗ್ರಂಥಾಲಯವಿಲ್ಲ, ಇದ್ದರೂ ಅಲ್ಲಿ 15 ಸಂಪುಟಗಳಿಲ್ಲ. ಅಂಥ ಹಳ್ಳಿಯ ಕೂಲಿಕಾರನ ಮಗಳು ಇಂದು ಅಕ್ಕಮಹಾದೇವಿಯ ಎಲ್ಲ ವಚನಗಳನ್ನು ಓದಬಲ್ಲಳು. ಅನುಭವ ಮಂಟಪದ ಆಶಯಕ್ಕೆ ಇದಕ್ಕಿಂತ ಸಮೀಪವಾದ ಸೇವೆ ಯಾವುದಿದ್ದೀತು? ಆದಕಾರಣ ಗಣಕವನ್ನು ಕಂಡು ಮೂಗು ಮುರಿಯುವ ಹಿರಿಯರ ಮಾತನ್ನು ಒಪ್ಪಲಾಗದು.

ಹಾಗೆಂದು ಕೆಲವು ಉಪನ್ಯಾಸಕರು ವೇದಿಕೆಯ ಮೇಲೆ ಹೇಳುವಂತೆ, ಓಲೆಗರಿಯು ಸ್ಥಾವರ, ಗಣಕದ ಕಡತವು ಜಂಗಮ ಎಂಬ ಮಾತನ್ನೂ ಒಪ್ಪಲಾಗದು. ಕೇಳಲು ಇಂಪಾಗಿದೆ, ವಿಚಾರಿಸಿದರೆ ನಿಲ್ಲುವುದಿಲ್ಲ. ಬಸವಣ್ಣನವರು ಸ್ಥಾವರ ಜಂಗಮಗಳ ನಡುವೆ ಎಳೆದ ಗೆರೆಯು ವಸ್ತು ಹಳತೋ ಹೊಸತೋ ಎಂಬುದನ್ನು ನೋಡಿ ಎಳೆದದ್ದಲ್ಲ. ಚಲಿಸುವ ಚೈತನ್ಯ ಎಲ್ಲಿದೆ ಎಂಬುದು ಅವರ ಪ್ರಶ್ನೆ. ಚಿತ್ರ ತೆಗೆದು ಯಾವುದೋ ಕಚೇರಿಯ ಹಾರ್ಡ್ ಡಿಸ್ಕಿನಲ್ಲಿ ತುಂಬಿಟ್ಟ ಕಡತವನ್ನು ಯಾರೂ ತೆರೆಯದಿದ್ದರೆ ಅದೂ ಒಂದು ಜಗುಲಿಯೇ. ಕೆಂಪು ವಸ್ತ್ರದ ಬದಲಿಗೆ ಪಾಸ್‌ವರ್ಡು ಬಂದಿತು, ಅಷ್ಟೇ. ಅತ್ತ ಓಲೆಯನ್ನು ಕೈಯಲ್ಲಿ ಹಿಡಿದು ನಾಲ್ವರ ಮುಂದೆ ಓದಿ ಅರ್ಥ ಬಿಡಿಸುವವನಿದ್ದರೆ ಆ ಓಲೆಯೇ ಜಂಗಮ.

‘ಕಡತ’ ಎಂಬ ಪದವೇ ಇಲ್ಲಿ ಒಂದು ಸ್ವಾರಸ್ಯವನ್ನು ಹೇಳುತ್ತದೆ. ಬಟ್ಟೆಗೆ ಹುಣಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕಕ್ಕೆ ಕನ್ನಡದಲ್ಲಿ ಕಡತವೆಂದು ಹೆಸರು. ಅದರ ಗುಣವೆಂದರೆ, ಅಳಿಸಿ ಮತ್ತೆ ಬರೆಯಬಹುದು. ಓಲೆಯಲ್ಲಿ ಕೊರೆದದ್ದು ಹಾಗಲ್ಲ. ಗಣಕದ ಫೈಲಿಗೂ ಕಡತವೆಂದೇ ಹೆಸರಿಟ್ಟವರು ಈ ಗುಣವನ್ನು ಎಣಿಸಿಯೇ ಇಟ್ಟರೋ ಇಲ್ಲವೋ, ಹೆಸರಂತೂ ಸರಿಯಾಗಿ ಕೂತಿದೆ.

ಇಷ್ಟಕ್ಕೂ ಜಗುಲಿಯ ಕಟ್ಟಿನ ಚಿತ್ರ ತೆಗೆಯುವ ಅಗತ್ಯವಾದರೂ ಏನು, ಮುದ್ರಿತ ವಚನಗಳೆಲ್ಲ ತಾಣಕ್ಕೆ ಬಂದಿರುವಾಗ? ಈ ಪ್ರಶ್ನೆಯನ್ನು ಭಕ್ತರು ಕೇಳುವುದು ಸಹಜ. ಉತ್ತರ ಸ್ವಲ್ಪ ದೀರ್ಘವಾಗುತ್ತದೆ.

ಹಳೆಯ ಓಲೆಗಳಲ್ಲಿ ಪದ ಪದಗಳ ನಡುವೆ ತೆರವಿಲ್ಲ. ಸಾಲುಗಳನ್ನು ಒಡೆದು ಬರೆಯುವ ಪದ್ಧತಿಯಿಲ್ಲ. ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಭೇದವನ್ನು ಲಿಪಿಕಾರರು ಸಾಮಾನ್ಯವಾಗಿ ತೋರಿಸುವುದಿಲ್ಲ. ಇಂದು ಪುಸ್ತಕದಲ್ಲಿ ಕಾಣುವ ವಚನದ ಸಾಲುಗಳು, ಅಲ್ಪವಿರಾಮಗಳು, ಪ್ರಶ್ನಾರ್ಥಕ ಚಿಹ್ನೆಗಳು ಸಂಪಾದಕರ ವಿವೇಚನೆಯ ಫಲ. ಆ ವಿವೇಚನೆಯು ಬಹುತೇಕ ಸರಿಯಾದುದೇ, ಆದರೆ ಅದು ಶರಣರ ಕೈಬರಹವಲ್ಲ. ಒಂದು ಪದವನ್ನು ಎಲ್ಲಿ ಒಡೆಯಬೇಕೆಂಬುದರ ಮೇಲೆ ಅರ್ಥವೇ ತಿರುಗುವ ಸ್ಥಳಗಳು ವಚನಗಳಲ್ಲಿ ಸಾಕಷ್ಟಿವೆ. ಅಂಥಲ್ಲಿ ಸಂಪಾದಕನು ಹತ್ತು ಪ್ರತಿಗಳನ್ನು ಮುಂದಿಟ್ಟುಕೊಂಡು ಹೋಲಿಸಿ ನಿರ್ಣಯಿಸುತ್ತಾನೆ. ಅವನಿಗೆ ಸಿಗದೇ ಹೋದ ಹನ್ನೊಂದನೆಯ ಪ್ರತಿಯು ಭಾಲ್ಕಿಯ ಯಾವುದೋ ಓಣಿಯ ಜಗುಲಿಯ ಮೇಲೆ ಕುಳಿತಿರಬಹುದು.

ಗಣಕವು ಈ ವಿಷಯದಲ್ಲಿ ಉಪಕಾರವನ್ನೂ ಅಪಕಾರವನ್ನೂ ಮಾಡಿದೆ. ಮುದ್ರಿತ ಪಾಠವೊಂದು ಒಮ್ಮೆ ತಾಣಕ್ಕೆ ಏರಿದರೆ ಎಲ್ಲೆಡೆಯೂ ಅದೇ ಪಾಠ ನಕಲಾಗುತ್ತದೆ. ಪಾಠಾಂತರವೆಂಬುದು ಇತ್ತೆಂಬ ನೆನಪೇ ಅಳಿಯುತ್ತದೆ. ಹಿಂದಿನ ಸಂಪಾದಕರು ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಕೊಡುತ್ತಿದ್ದ ಪಾಠಾಂತರಗಳನ್ನು ಮೊಬೈಲಿನ ಪರದೆಯು ಮೊದಲು ಕಿತ್ತುಹಾಕುತ್ತದೆ. ಅದೇ ಗಣಕದಲ್ಲಿ ಒಂದು ವಚನದ ಪಕ್ಕದಲ್ಲಿ ಆರು ಓಲೆಗಳ ಚಿತ್ರಗಳನ್ನು ಇಟ್ಟು, ಓದುಗನೇ ನೋಡಿಕೊಳ್ಳುವಂತೆ ಮಾಡುವುದೂ ಸಾಧ್ಯವಿದೆ. ಮುದ್ರಣಕ್ಕೆ ಇದು ಸಾಧ್ಯವಿರಲಿಲ್ಲ. ಓಲೆಯ ಚಿತ್ರವು ಸಾಕ್ಷಿಯಿದ್ದಂತೆ. ಅಕ್ಷರಕ್ಕೆ ತಾನಾಗಿ ಅರ್ಥ ಹಚ್ಚುವುದಿಲ್ಲ, ಕಂಡದ್ದನ್ನು ಕಂಡಂತೆ ಮುಂದಿಡುತ್ತದೆ. ಮಸುಕಾದ ಗರಿಯನ್ನು ಬೇರೆ ಬೇರೆ ಬೆಳಕಿನಲ್ಲಿ ಸೆರೆಹಿಡಿದರೆ ಕಣ್ಣಿಗೆ ಕಾಣದ ಅಕ್ಷರವೂ ಎದ್ದು ತೋರುವುದುಂಟು.

ಅಕ್ಷರಗಳ ವಿಷಯ ಬಂದಾಗ ಒಂದು ತಮಾಷೆಯನ್ನು ಹೇಳದೆ ಇರಲಾಗದು. ಹಳಗನ್ನಡದ ೞಕಾರವು ಯೂನಿಕೋಡ್ ವರ್ಣಪಟ್ಟಿಯಲ್ಲಿ ಸ್ಥಾನ ಪಡೆದಿದೆ, ಆದರೆ ಅಲ್ಲಿ ಅದಕ್ಕೆ ಬಿದ್ದ ಹೆಸರು ‘ಫ’ ಎಂದು. ತಪ್ಪೆಂದು ಎಲ್ಲರಿಗೂ ಗೊತ್ತಾಗಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮವಾದ್ದರಿಂದ ತಪ್ಪು ಹಾಗೆಯೇ ಉಳಿದು, ಪಕ್ಕದಲ್ಲಿ ಟಿಪ್ಪಣಿ ಮಾತ್ರ ಸೇರಿದೆ. ಕನ್ನಡ ಬಲ್ಲವರು ಸಕಾಲದಲ್ಲಿ ಜೊತೆಗಿರದಿದ್ದರೆ ಯಂತ್ರದ ತಪ್ಪುಗಳು ಓಲೆಯ ತಪ್ಪುಗಳಿಗಿಂತ ಚಿರಂಜೀವಿಗಳಾಗುತ್ತವೆ.

ಪ್ರಕ್ಷಿಪ್ತ ವಚನಗಳ ಹಾವಳಿಯನ್ನು ಇದರೊಡನೆ ಸೇರಿಸಿಯೇ ಯೋಚಿಸಬೇಕು. ಅಂಕಿತವೆಂಬುದು ಶರಣರ ಮುದ್ರೆ. ಗುಹೇಶ್ವರ ಎಂದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ ಎಂದು ಮಕ್ಕಳಿಗೂ ತಿಳಿದಿದೆ. ಮುದ್ರೆ ತಿಳಿದವನು ಮುದ್ರೆಯನ್ನು ಒತ್ತಲೂ ಬಲ್ಲ. ಓಲೆಯ ಕಾಲದಲ್ಲಿಯೇ ಯಾರೋ ಬರೆದ ಮಾತಿಗೆ ಕೂಡಲಸಂಗಮದೇವನ ಅಂಕಿತವನ್ನು ಹಚ್ಚಿದ ಖೊಟ್ಟಿ ವಚನಗಳಿದ್ದವು, ಸಂಪಾದಕರು ಅವನ್ನು ಆರಿಸಿ ಬೇರ್ಪಡಿಸುವುದರಲ್ಲಿ ಆಯುಷ್ಯವನ್ನೇ ಸವೆಸಿದರು. ಈಗ ಬಸವ ಜಯಂತಿಯ ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಹೂವಿನ ಚಿತ್ರದ ಮೇಲಣ ಸಾಲುಗಳಲ್ಲಿ ಎಷ್ಟು ಶರಣರವು, ಎಷ್ಟು ಯಾರದೋ ನೀತಿಮಾತುಗಳು ಎಂದು ಪರೀಕ್ಷಿಸುವವರಿಲ್ಲ. ಕೃತಕ ಬುದ್ಧಿಮತ್ತೆಯ ಯಂತ್ರಗಳಂತೂ ಕೇಳಿದವರಿಗೆ ಕೇಳಿದಂತೆ ‘ವಚನ’ವನ್ನು ಹೆಣೆದು, ಕೊನೆಗೆ ಅಂಕಿತವನ್ನೂ ಸೇರಿಸಿ ಕೊಡಬಲ್ಲವು. ಹೀಗಿರುವಾಗ ಒಂದು ವಚನ ನಿಜವೋ ಅಲ್ಲವೋ ಎಂದು ತೋರಿಸಲು ಕೊನೆಗೆ ಉಳಿಯುವ ಆಧಾರ ಓಲೆಯೊಂದೇ. ಆ ಓಲೆ ಎಲ್ಲರ ಕಣ್ಣಿಗೆ ಬೀಳುವಂತಿರಬೇಕು.

ಬೀದರ ಸೀಮೆಯ ಕಟ್ಟುಗಳನ್ನು ತೆರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಗಡಿಯದು. 1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಜಿಲ್ಲೆಯು ಮೂರು ಹೋಳಾಯಿತು. ಬೀದರ, ಭಾಲ್ಕಿ, ಹುಮನಾಬಾದ, ಔರಾದಗಳು ಮೈಸೂರು ರಾಜ್ಯಕ್ಕೆ ಸೇರಿದವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೂ ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಹೋದವು. ಭಕ್ತರ ಮನೆಗಳನ್ನು, ಬೀಗರ ಸಂಬಂಧಗಳನ್ನು, ಮಠಗಳ ಶಾಖೆಗಳನ್ನು ಯಾರೂ ಹಾಗೆ ಹಂಚಿರಲಿಲ್ಲ. ಒಂದು ಮಠದ ಇನಾಮಿನ ಕಾಗದ ಉರ್ದುವಿನಲ್ಲಿ, ಲೆಕ್ಕ ಮೋಡಿ ಲಿಪಿಯ ಮರಾಠಿಯಲ್ಲಿ, ವಚನದ ಕಟ್ಟು ಕನ್ನಡದಲ್ಲಿ ಇರುವುದು ಇಲ್ಲಿ ಆಶ್ಚರ್ಯದ ಸಂಗತಿಯಲ್ಲ. ಮೂರು ರಾಜ್ಯಗಳಲ್ಲಿ ಚದುರಿದ ಈ ಸಾಮಗ್ರಿಯನ್ನು ಒಂದೇ ಮೇಜಿನ ಮೇಲೆ ತರುವ ಶಕ್ತಿ ಇರುವುದು ಗಣಕಕ್ಕೆ ಮಾತ್ರ. ಔರಾದದ ಅಧ್ಯಾಪಕರೊಬ್ಬರು ಬಸ್ಸು ಹಿಡಿದು ಮೂರು ರಾಜ್ಯ ಸುತ್ತುವ ಬದಲು ಊರಲ್ಲೇ ಕುಳಿತು ತಮ್ಮ ಊರಿನ ಮಠದ ಇತಿಹಾಸವನ್ನು ಬರೆಯಬಲ್ಲರು. ಗುಲಾಮ್ ಯಜ್ದಾನಿಯವರು ಬೀದರದ ಸ್ಮಾರಕಗಳ ಮೇಲೆ ಬರೆದು 1947ರಲ್ಲಿ ಪ್ರಕಟವಾದ ಬೃಹದ್ಗ್ರಂಥವು ಹಿಂದೆ ದೊಡ್ಡ ಗ್ರಂಥಾಲಯಗಳಲ್ಲಿ ಮಾತ್ರ ನೋಡಸಿಗುತ್ತಿತ್ತು, ಅದರ ಸ್ಕ್ಯಾನ್ ಪ್ರತಿ ಈಗ ಯಾರಿಗೂ ಲಭ್ಯ.

ಬೀದರ ನಗರವೇ ಇಂಥ ಪ್ರಯೋಜನದ ಒಂದು ದೃಷ್ಟಾಂತವನ್ನು ಕಂಡಿದೆ. ನೌಬಾದದ ಬಳಿಯ ಸುರಂಗ ಬಾವಿ, ಅಂದರೆ ನೆಲದಡಿ ನೀರು ಹರಿಸುವ ಕಾರೇಜ, ಜನರ ನೆನಪಿನಿಂದ ಬಹುಮಟ್ಟಿಗೆ ಮರೆಯಾಗಿತ್ತು. ಕಳೆದ ದಶಕದ ಆರಂಭದಲ್ಲಿ ಕೇರಳದ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿಯವರೂ ಸ್ಥಳೀಯ ಯುವಕರೂ ಜಿಪಿಎಸ್ ಉಪಕರಣ ಮತ್ತು ಗಣಕ ನಕ್ಷೆಗಳ ಸಹಾಯದಿಂದ ಅದರ ಗಾಳಿಬಾವಿಗಳ ಸಾಲನ್ನು ಗುರುತಿಸಿದ ಮೇಲೆ ಅದು ಮತ್ತೆ ಊರಿನ ಮಾತಾಯಿತು. 2014ರಲ್ಲಿ ವಿಶ್ವ ಸ್ಮಾರಕ ನಿಧಿಯು ಕಾಪಾಡಬೇಕಾದ ತಾಣಗಳ ತನ್ನ ಪಟ್ಟಿಯಲ್ಲಿ ಬೀದರದ ಐತಿಹಾಸಿಕ ನಗರವನ್ನು ಸೇರಿಸಿತು. ನಕ್ಷೆಯಲ್ಲಿ ಕಂಡ ಮೇಲೆಯೇ ಅಲ್ಲವೆ ಹೂಳೆತ್ತುವ ಯೋಚನೆ ಹುಟ್ಟುವುದು.

ಇಷ್ಟೆಲ್ಲ ಕೇಳಿದ ನಂತರವೂ ಕಟ್ಟಿನ ಒಡೆಯರು ಹಿಂಜರಿಯುತ್ತಾರೆ. ಅವರ ಹಿಂಜರಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಕಟ್ಟನ್ನು ಬಿಚ್ಚಿದರೆ ಮನೆತನಕ್ಕೆ ಕೇಡೆಂಬ ನಂಬಿಕೆಯವರು ಕೆಲವರು. ಓದಲು ಒಯ್ದವರು ಹಿಂದಿರುಗಿಸಲೇ ಇಲ್ಲವೆಂಬ ಅನುಭವದವರು ಬಹಳ ಜನ, ಅವರ ದೂರು ಸುಳ್ಳಲ್ಲ. ಚಿತ್ರ ತೆಗೆದುಕೊಂಡು ಹೋದವರು ಒಂದು ಪ್ರತಿಯನ್ನಾದರೂ ಮಠಕ್ಕೆ ಕೊಡುವುದಿಲ್ಲ, ಬಳಿಕ ತಮ್ಮದೇ ಓಲೆಯ ಚಿತ್ರವನ್ನು ನೋಡಲು ಮಠದವರೇ ಅನುಮತಿಯ ಅರ್ಜಿ ಹಾಕಬೇಕಾಗುತ್ತದೆ ಎಂಬ ಅಸಮಾಧಾನವೂ ಇದೆ.

ಆಫ್ರಿಕಾದ ಮಾಲಿ ದೇಶದ ಟಿಂಬಕ್ಟು ನಗರದ ಕಥೆಯನ್ನು ಈ ಸಂದರ್ಭದಲ್ಲಿ ತಿಳಿಯಬೇಕು. ಅಲ್ಲಿ ಮನೆಮನೆಗಳಲ್ಲಿ ತಲೆತಲಾಂತರದಿಂದ ಹಸ್ತಪ್ರತಿಗಳಿದ್ದವು. 2012ರಲ್ಲಿ ಉಗ್ರರು ಊರನ್ನು ವಶಪಡಿಸಿಕೊಂಡಾಗ ಗ್ರಂಥಪಾಲಕರೂ ಮನೆತನದವರೂ ಅವನ್ನು ಲೋಹದ ಪೆಟ್ಟಿಗೆಗಳಲ್ಲಿ ತುಂಬಿ, ಕದ್ದುಮುಚ್ಚಿ ರಾಜಧಾನಿ ಬಮಾಕೊಗೆ ಸಾಗಿಸಿದರು. 2013ರ ಜನವರಿಯಲ್ಲಿ ಉಗ್ರರು ಹೊರಡುವಾಗ ಅಲ್ಲಿ ಉಳಿದಿದ್ದ ಸಾವಿರಾರು ಪ್ರತಿಗಳಿಗೆ ಬೆಂಕಿ ಹಚ್ಚಿದರು, ಆದರೆ ಬಹುಭಾಗ ಆಗಲೇ ಊರು ದಾಟಿತ್ತು. ಕಲ್ಯಾಣದಿಂದ ಉಳವಿಗೆ ನಡೆದವರ ನೆನಪಿರುವವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಬಳಿಕ ಅವುಗಳ ಚಿತ್ರ ತೆಗೆಯುವ ಕೆಲಸ ಬಮಾಕೊದಲ್ಲಿಯೇ, ಅಲ್ಲಿನವರ ಕೈಯಿಂದಲೇ ನಡೆಯಿತು. ಒಡೆತನ ಮನೆತನಗಳಲ್ಲೇ ಉಳಿಯಿತು, ಓದು ಮಾತ್ರ ಲೋಕದ್ದಾಯಿತು. ಬೀದರದಲ್ಲಿಯೂ ಇದೇ ಕ್ರಮ ಸಾಧ್ಯ. ಕಟ್ಟು ಮನೆಯ ಹೊಸಿಲು ದಾಟಬೇಕಾಗಿಲ್ಲ. ಕ್ಯಾಮೆರಾವೇ ಜಗುಲಿಯ ಮುಂದೆ ಬಂದು ಕೂರಬಹುದು, ತೆಗೆದ ಚಿತ್ರದ ಮೊದಲ ಪ್ರತಿ ಮನೆಯವರ ಕೈ ಸೇರಬಹುದು.

ಆದರೆ ಎಲ್ಲ ಹಿಂಜರಿಕೆಗಳಿಗೂ ಹೀಗೆ ಸಮಾಧಾನ ಹೇಳಲಾಗದು. ಇದು ತಮ್ಮ ಮಠದ ಆಸ್ತಿ, ಪರರು ನೋಡಬಾರದು ಎಂಬ ವಾದ ಒಂದುಂಟು. ಶರಣ ಪರಂಪರೆಯಲ್ಲಿ ನಿಂತು ಈ ಮಾತನ್ನು ಆಡುವುದು ಹೇಗೆ? ಸಂಸ್ಕೃತದ ಗೋಡೆಯನ್ನು ದಾಟಿ, ಜನರಾಡುವ ಕನ್ನಡದಲ್ಲಿ, ಮಡಿವಾಳ ಅಂಬಿಗ ಎನ್ನದೆ ಎಲ್ಲರೂ ಕೂಡಿ ನುಡಿದ ಮಾತು ವಚನ. ಅದನ್ನು ಬಚ್ಚಿಡುವ ಅಧಿಕಾರ ಯಾರಿಗಿದೆ?

ಭಾಲ್ಕಿಯ ಹಿರೇಮಠ ಸಂಸ್ಥಾನದ ಲಿಂಗೈಕ್ಯ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರನ್ನು ಇಲ್ಲಿ ಸ್ಮರಿಸುವುದು ಉಚಿತ. ಅಂದಿನ ಔರಾದ ಸೀಮೆಯ ಕಮಲನಗರದಲ್ಲಿ ಜನಿಸಿ, ನೂರು ವರ್ಷ ದಾಟಿದ ತುಂಬು ಬಾಳನ್ನು ಬಾಳಿ 1999ರಲ್ಲಿ ಲಿಂಗೈಕ್ಯರಾದ ಪೂಜ್ಯರು, ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದ ಕಟ್ಟಳೆಯಿದ್ದಾಗ ಹೊರಗೆ ಉರ್ದು ನಾಮಫಲಕ ತೂಗುಹಾಕಿ ಒಳಗೆ ಕನ್ನಡ ಪಾಠ ನಡೆಸಿದ ಸಂಗತಿ ಈ ಭಾಗದ ಮನೆಮಾತು. ಅವರು ಫಲಕದ ಹಿಂದೆ ಕನ್ನಡವನ್ನು ಅಡಗಿಸಿದ್ದು ಅದು ಮಕ್ಕಳಿಗೆ ದೊರೆಯಲೆಂದು. ಇಂದು ಯಾವ ಸರಕಾರದ ಭಯವೂ ಇಲ್ಲದಿರುವಾಗ, ಕನ್ನಡದ ಓಲೆಗಳು ಮಕ್ಕಳಿಗೆ ದೊರೆಯದಂತೆ ಅಡಗಿರುವುದನ್ನು ಏನೆಂದು ಕರೆಯಬೇಕು?

ಇನ್ನು ಚಿತ್ರ ತೆಗೆದಾಯಿತು, ಓಲೆಯ ಚಿಂತೆ ಮುಗಿಯಿತು ಎನ್ನುವವರ ವಿಷಯ. ಇದು ಹೆಚ್ಚು ಅಪಾಯದ ಮಾತು. ಮಜ್ಜಿಗೆ ಹುಲ್ಲಿನ ಎಣ್ಣೆ ಸವರಿ, ಎರಡು ಮರದ ಹಲಗೆಗಳ ನಡುವೆ ಬಿಗಿಯಾಗಿ ಕಟ್ಟಿಟ್ಟ ಓಲೆ ಮೂರು ನಾಲ್ಕು ಶತಮಾನ ಬಾಳುತ್ತದೆ. ಇಪ್ಪತ್ತು ವರ್ಷದ ಹಿಂದೆ ಸಂಭ್ರಮದಿಂದ ಬಿಡುಗಡೆಯಾದ ಸಿ.ಡಿ.ಗಳನ್ನು ಇಂದು ಹಾಕಿ ನೋಡಲು ಹೊಸ ಲ್ಯಾಪ್‌ಟಾಪುಗಳಲ್ಲಿ ಕಿಂಡಿಯೇ ಇಲ್ಲ. ಆಗ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಪುಟಗಳನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಆ ಪಾಠಗಳನ್ನೆಲ್ಲ ಯೂನಿಕೋಡಿಗೆ ದಾಟಿಸುವುದೇ ಒಂದು ದೊಡ್ಡ ಕಾಯಕವಾಗಿದೆ. 2002ರ ಸುಮಾರಿಗೆ ಆರಂಭವಾದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಅಸಂಖ್ಯ ಕನ್ನಡ ಗ್ರಂಥಗಳನ್ನು ಸ್ಕ್ಯಾನ್ ಮಾಡಿತ್ತು. ಆ ತಾಣವೇ ಈಗ ಇಲ್ಲ. ಬೇರೆಯವರು ಮುಂಚಿತವಾಗಿ ಇಂಟರ್ನೆಟ್ ಆರ್ಕೈವ್‌ಗೆ ಪ್ರತಿ ಮಾಡಿಟ್ಟದ್ದರಿಂದ ಗ್ರಂಥಗಳು ಉಳಿದವು. ಆ ಆರ್ಕೈವ್ ಕೂಡ 2024ರ ಅಕ್ಟೋಬರಿನಲ್ಲಿ ದಾಳಿಗೊಳಗಾಗಿ ದಿನಗಟ್ಟಲೆ ಮುಚ್ಚಿತ್ತು. 2023ರ ಅಕ್ಟೋಬರಿನಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಗೆ ಬಿದ್ದ ಪೆಟ್ಟು ಇನ್ನೂ ದೊಡ್ಡದು, ಅದರ ಗಣಕ ಸೇವೆಗಳು ತಿಂಗಳುಗಟ್ಟಲೆ ಸ್ಥಗಿತಗೊಂಡಿದ್ದವು.

ಹಾಗಾದರೆ ಓಲೆಯೊಂದನ್ನೇ ನೆಚ್ಚಿ ಕುಳಿತರೆ ಸಾಕೆ? 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯಲ್ಲಿ ನೆಲ ನಡುಗಿದ್ದನ್ನು ಭಾಲ್ಕಿ, ಔರಾದದ ಹಿರಿಯರು ಮರೆತಿಲ್ಲ. ಗಡಿಯಾಚೆಯ ಲಾತೂರ ಸೀಮೆಯಲ್ಲಿ ಕಲ್ಲು ಮಣ್ಣಿನ ಮನೆಗಳು ಮಲಗಿದವರ ಮೇಲೆಯೇ ಕುಸಿದು ಸಾವಿರಾರು ಜನ ಮಡಿದರು. ಮನೆ ಕುಸಿದರೆ ಜಗುಲಿಯೂ ಕುಸಿಯುತ್ತದೆ. ಓಲೆಯನ್ನೂ ಕಾಯಬೇಕು, ಚಿತ್ರವನ್ನೂ ಹಲವು ಕಡೆ ಇಡಬೇಕು. ಹಿಂದಿನ ವಿರಕ್ತರು ಒಂದೇ ಗ್ರಂಥವನ್ನು ಹತ್ತು ಮಠಗಳಲ್ಲಿ ಇರಿಸಿದ್ದು ಇದನ್ನರಿತೇ.

ಕ್ಯಾಮೆರಾದ ಕಣ್ಣಿಗೆ ನಿಲುಕದ ಪರಂಪರೆಯೂ ಒಂದಿದೆ. ಬೀದರದ ಸಮೀಪದ ಅಷ್ಟೂರಿನಲ್ಲಿ 1436ರಲ್ಲಿ ತೀರಿದ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯ ಗೋರಿ ಇದೆ. ಒಳಗಿನ ವರ್ಣಚಿತ್ತಾರಕ್ಕಾಗಿ ಅದು ಪ್ರಸಿದ್ಧ. ಈ ಭಾಗದ ಭಕ್ತರು ಆತನನ್ನು ಅಲ್ಲಮಪ್ರಭುವಿನ ಅವತಾರವೆಂದು ನಂಬುವರು. ವರ್ಷವರ್ಷವೂ ಉರುಸಿನ ಸಮಯದಲ್ಲಿ ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ಭಕ್ತರೊಡನೆ ಬಂದು ಅಲ್ಲಿ ಪೂಜೆ ಸಲ್ಲಿಸುವ ಪದ್ಧತಿಯನ್ನು ಯಜ್ದಾನಿಯವರೂ ತಮ್ಮ ಗ್ರಂ‍ಥದಲ್ಲಿ ದಾಖಲಿಸಿದ್ದಾರೆ. ಗುಮ್ಮಟದ ಚಿತ್ತಾರದ ಒಂದೊಂದು ಎಳೆಯನ್ನೂ ಸ್ಪಷ್ಟವಾಗಿ ಸೆರೆಹಿಡಿಯುವ ಉಪಕರಣಗಳು ಬಂದಿವೆ, ಸಂತೋಷ. ಆದರೆ ಯಾವ ದಾರಿಯಲ್ಲಿ ನಡೆದು ಬರುತ್ತಾರೆ, ಯಾವ ಪದವನ್ನು ಎಲ್ಲಿ ಹಾಡುತ್ತಾರೆ, ಯಾವ ಊರಿನವರು ಯಾವ ಸೇವೆ ಮಾಡುತ್ತಾರೆ ಎಂಬುದು ಗೋಡೆಯ ಮೇಲಿಲ್ಲ. ಅದು ನಡೆಯುವವರ ಕಾಲಲ್ಲಿ, ಹಾಡುವವರ ಕಂಠದಲ್ಲಿದೆ. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಬಸವಣ್ಣನನ್ನು ಹಾಡಿದ ಔರಾದದ ಅಜ್ಜಿಯರು, ಏಕತಾರಿ ಹಿಡಿದು ತತ್ವಪದ ಹೇಳುವ ಭಜನಾ ಮಂಡಳಿಯ ಮುದುಕರು ತಮ್ಮ ಸೀಮೆಯ ಉಚ್ಚಾರದಲ್ಲಿಯೇ ವಚನವನ್ನು ಉಳಿಸಿಕೊಂಡವರು. ಅವರ ದನಿಯನ್ನು ಹಿಡಿದಿಡಲು ದೊಡ್ಡ ಯಂತ್ರವೇನೂ ಬೇಡ, ಮೊಮ್ಮಗನ ಕಿಸೆಯಲ್ಲಿರುವ ಮೊಬೈಲೇ ಸಾಕು. ಹಾಡಿದವರ ಊರು, ಹಾಡನ್ನು ಯಾರಿಂದ ಕಲಿತರು, ಯಾವ ದಿನ ಹಾಡಿದರು ಎಂಬ ನಾಲ್ಕು ಮಾತನ್ನು ಜೊತೆಗೆ ಬರೆದಿಡದಿದ್ದರೆ ಮಾತ್ರ ಆ ದನಿ ಮುಂದೆ ಯಾರದೆಂದೇ ತಿಳಿಯುವುದಿಲ್ಲ.

ಹಸ್ತಪ್ರತಿಗಳಿಗಾಗಿ ಕೇಂದ್ರ ಸರಕಾರವು 2003ರಲ್ಲಿ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು. 2025ರ ಮುಂಗಡಪತ್ರದಲ್ಲಿ ಜ್ಞಾನ ಭಾರತಂ ಎಂಬ ಹೆಸರಿನಲ್ಲಿ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳನ್ನು ಸಮೀಕ್ಷಿಸಿ ಸಂರಕ್ಷಿಸುವ ಯೋಜನೆಯನ್ನು ಘೋಷಿಸಿತು. ಒಳ್ಳೆಯದೇ. ದೆಹಲಿಯಿಂದ ಬರುವವರು ಭಾಲ್ಕಿಯ ಓಣಿಗಳನ್ನು ತಲುಪುವವರೆಗೆ ಕಾಯುತ್ತ ಕೂರಬೇಕೆ ಎಂಬುದು ಪ್ರಶ್ನೆ. ಚಿತ್ರ ತೆಗೆಯುವುದು ಇಂದು ಕಠಿಣವಲ್ಲ, ತರುಣರು ಒಂದು ವಾರದಲ್ಲಿ ಕಲಿತಾರು. ಕೊರತೆ ಇರುವುದು ಹಳೆಯ ಬರವಣಿಗೆಯನ್ನು ಓದಬಲ್ಲವರದು. ಹಳೆಯ ಓಲೆಯ ಕನ್ನಡವನ್ನು, ಮೋಡಿಯನ್ನು, ದಫ್ತರದ ಉರ್ದುವನ್ನು ತಡೆಯಿಲ್ಲದೆ ಓದುವವರು ಈ ಮೂರು ತಾಲೂಕುಗಳಲ್ಲಿ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮಠಗಳು ನಡೆಸುವ ಕಾಲೇಜುಗಳಲ್ಲಿ ರಜೆಯ ತಿಂಗಳಲ್ಲಿ ಲಿಪಿ ಪಾಠವೊಂದನ್ನು ಇಟ್ಟು, ಆ ಹಿರಿಯರನ್ನು ಕರೆತಂದು ಕೂರಿಸಿದರೆ ಖರ್ಚು ಜಾತ್ರೆಯ ಒಂದು ದಿನದ ಶಾಮಿಯಾನದಷ್ಟೂ ಆಗದು.

ಜೈನ ಬಸದಿಗಳಲ್ಲಿ ಶ್ರುತಪಂಚಮಿಯಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಒರೆಸಿ, ಪೂಜಿಸಿ ಮತ್ತೆ ಕಟ್ಟಿಡುವ ಸಂಪ್ರದಾಯವಿದೆ. ಕಟ್ಟಿನಲ್ಲಿ ಏನಿದೆಯೆಂಬುದು ವರ್ಷಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುತ್ತದೆ. ಹಳಕಟ್ಟಿಯವರ ಜನ್ಮದಿನವಾದ ಜುಲೈ 2ನ್ನು ಕರ್ನಾಟಕದಲ್ಲಿ ವಚನ ಸಾಹಿತ್ಯ ಸಂರಕ್ಷಣಾ ದಿನವಾಗಿ ಆಚರಿಸುತ್ತಾರೆ. ಅಂದು ಭಾವಚಿತ್ರಕ್ಕೆ ಮಾಲೆ ಹಾಕಿ ಉಪನ್ಯಾಸ ಮುಗಿಸುವ ಬದಲು, ತಮ್ಮ ಮನೆಯಲ್ಲಿ, ತಮ್ಮ ಊರಿನ ಮಠದಲ್ಲಿ ಎಷ್ಟು ಕಟ್ಟುಗಳಿವೆಯೆಂಬುದನ್ನು ಭಕ್ತರು ಒಂದು ಕಾಗದದಲ್ಲಿ ಬರೆದು ತಂದು ಮಠಕ್ಕೆ ಒಪ್ಪಿಸಬಹುದು. ಅಂದು ಕಟ್ಟನ್ನು ಬಿಚ್ಚುವುದು ಮಾತ್ರ ಬೇಡ. ಮಳೆಗಾಲದ ತೇವ ಓಲೆಗೆ ಒಳ್ಳೆಯದಲ್ಲ. ಪಟ್ಟಿ ಸಿದ್ಧವಾಗಿದ್ದರೆ ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಒಂದೊಂದೇ ಜಗುಲಿಯ ಮುಂದೆ, ಮನೆಯ ಹಿರಿಯರ ಎದುರಿನಲ್ಲಿಯೇ, ಬಿಚ್ಚಿ ಚಿತ್ರ ತೆಗೆಯುವ ಕೆಲಸವನ್ನು ಹಿಡಿಯಬಹುದು.